ಜಪಾನು, ರಷ್ಯಾ ಮತ್ತು ಏಕಾಂತಯ್ಯನವರ ಕಣ್ಣು

ಈಶ್ವರನ ಹೊಟ್ಟೆಪಾಡು ನಡೆಯುತ್ತಿದ್ದುದೇ ತೀರ್ಪು ಕೊಡುವುದರಿಂದ. ವಿಮೆ ಕಂಪನಿಯೊಂದರ ಆಫೀಸಿನಲ್ಲಿ ಕೂತು, ಜನ ಮೊಬೈಲಿನಿಂದ ಕಳಿಸಿದ ಗುದ್ದಿದ ಕಾರುಗಳ ಫೋಟೋ ನೋಡಿ, ಬಂಪರಿಗೆ ರಿಪೇರಿಯೋ ಬದಲಾವಣೆಯೋ ಎಂದು ಗುಂಡಿ ಒತ್ತುವುದು ಅವನ ಕೆಲಸ. ಊರಿನವರ ಕಾರುಗಳ ಹಣೆಬರಹವನ್ನು ಕಾಫಿ ಆರುವುದರೊಳಗೆ ಬರೆದು ಮುಗಿಸುತ್ತಿದ್ದ ಈ ಮಹಾಶಯನಿಗೆ, ತನಗೊಂದು ಕ್ಯಾಮರಾ ಆರಿಸಿಕೊಳ್ಳಲು ಮೂರು ವರ್ಷದಿಂದ ಆಗಿರಲಿಲ್ಲ.

ಅವನಿಗೆ ಬೇಕಾಗಿದ್ದುದು ಹಳೆಯ ಕಾಲದ, ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮರಾ. ಜಪಾನಿನದು ಚುರುಕು ಎನ್ನುವ ವಿಡಿಯೋ ನೋಡಿದ ದಿನ ಜಪಾನಿನದೇ ಬೇಕೆನ್ನಿಸುತ್ತಿತ್ತು. ಅದರ ಬ್ಯಾಟರಿ ಈಗ ಎಲ್ಲೂ ತಯಾರಾಗುವುದಿಲ್ಲ, ಬೇರೆ ಬ್ಯಾಟರಿಗೆ ಬೆಳ್ಳಿ ಕಾಗದ ಮಡಚಿಟ್ಟು ತುರುಕಬೇಕು ಎಂದು ಇನ್ನೊಬ್ಬ ಹೇಳಿದ ದಿನ, ಬ್ಯಾಟರಿಯ ಹಂಗೇ ಇಲ್ಲದ ರಷ್ಯಾದ್ದು ಬೇಕೆನ್ನಿಸುತ್ತಿತ್ತು. ರಷ್ಯಾದ್ದರಲ್ಲಿ ರೀಲು ಎಳೆಯುವ ಮೊದಲೇ ಶಟರಿನ ವೇಗದ ಗುಂಡಿ ತಿರುಗಿಸಿದರೆ ಒಳಗಿನ ಹಲ್ಲು ಮುರಿಯುತ್ತದೆ ಎಂದು ಮೂರನೆಯವನು ಹೆದರಿಸಿದರೆ ಮತ್ತೆ ಜಪಾನು. ಜರ್ಮನಿಯದನ್ನು ಬಯಸುವಷ್ಟು ಸಂಬಳ ಇರಲಿಲ್ಲವಾದ್ದರಿಂದ ಆ ಒಂದು ತಲೆನೋವು ತಪ್ಪಿತ್ತು. ಒಂದು ರೀಲನ್ನೂ ತೆಗೆಯದೆ, ಬಂಧುಗಳ ಮದುವೆ ಮನೆಗಳಲ್ಲಿ ಲೆನ್ಸಿನ ಬಗ್ಗೆ ಉಪನ್ಯಾಸ ಕೊಟ್ಟು ಕೊಟ್ಟು, ನೆಂಟರಿಷ್ಟರಲ್ಲಿ ‘ಕ್ಯಾಮರಾ ಪಂಡಿತ’ ಎಂಬ ಹೆಸರನ್ನು ಮಾತ್ರ ಸಂಪಾದಿಸಿದ್ದ. ಈಜು ಬಾರದವನು ಬಾವಿಕಟ್ಟೆಯ ಮೇಲೆ ಕೂತು ಕೈಕಾಲು ಬಡಿಯುವುದನ್ನು ಕಲಿಸಿದ ಹಾಗೆ.

ಈ ಪಾಂಡಿತ್ಯವೇ ಅವನನ್ನು ಸೋದರಮಾವ ಏಕಾಂತಯ್ಯನವರ ಪ್ರಕರಣದಲ್ಲಿ ಸಿಕ್ಕಿಸಿತು.

ಏಕಾಂತಯ್ಯನವರದು ನಗರ್ತಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇತ್ತು. ಅರ್ಧ ಪೇಟೆಯ ಮದುವೆ ಆಲ್ಬಮ್ಮುಗಳಲ್ಲಿ ಅವರ ಕೈಕೆಲಸವಿದೆ. ಮೊಬೈಲು ಬಂದ ಮೇಲೆ ಸ್ಟುಡಿಯೋ ಜಾಗದಲ್ಲಿ ಬ್ಯಾಂಗಲ್ ಸ್ಟೋರ್ಸ್ ಬಂತು. ಮಾವ ಚಾಮರಾಜಪೇಟೆಯ ಮನೆಯಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ ಎರಡು ಕ್ಯಾಮರಾ ಇಟ್ಟುಕೊಂಡು ಉಳಿದರು. ಮನೆಯಲ್ಲಿ ಅವಕ್ಕೆ ಕಂಪನಿಯ ಹೆಸರಿರಲಿಲ್ಲ. ಒಂದು ಜಪಾನು, ಇನ್ನೊಂದು ರಷ್ಯಾ. “ಏನೇ, ರಷ್ಯಾ ಎಲ್ಲಿಟ್ಟೆ?” ಎಂದು ಮಾವ ಕೂಗಿದರೆ, “ಜಪಾನಿನ ಪಕ್ಕದಲ್ಲೇ ಇರುತ್ತೆ, ಭೂಪಟ ನೋಡ್ಕೊಳ್ರೀ” ಎಂದು ಅಡುಗೆಮನೆಯಿಂದ ಅತ್ತೆ ಸರ್ವಮಂಗಳಾ ಉತ್ತರಿಸುತ್ತಿದ್ದರು.

ಈ ಜಾತಿಯ ಕ್ಯಾಮರಾದ ಮೂಲೆಯಲ್ಲಿ ಒಂದು ಕಿಂಡಿ. ಅದರಲ್ಲಿ ಕಣ್ಣಿಟ್ಟರೆ ನಟ್ಟನಡುವೆ ಒಂದು ತಿಳಿಹಳದಿ ಚೌಕ ಕಾಣುತ್ತದೆ. ಎದುರಿಗಿರುವ ಮನುಷ್ಯ ಆ ಚೌಕದೊಳಗೆ ಇಬ್ಬರಾಗಿರುತ್ತಾನೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಎರಡು ಮೂಗು ಸರಿದು ಸರಿದು ಒಂದಾಗುತ್ತವೆ, ಆಗ ಒತ್ತಬೇಕು. ಇದನ್ನು ಮಾವ ‘ಕೂಡೋದು’ ಎನ್ನುತ್ತಿದ್ದರು. ಧಾರೆಯ ಹೊತ್ತಿನಲ್ಲಿ ಪುರೋಹಿತರನ್ನೇ “ತಡೀರಿ ಸ್ವಾಮಿ, ಇನ್ನೂ ಕೂಡಿಲ್ಲ” ಎಂದು ನಿಲ್ಲಿಸಿ, ಮುಹೂರ್ತ ಮೀರಿಸಿದ ಖ್ಯಾತಿ ಅವರದು. ಜನ ಬೈದುಕೊಂಡೂ ಕಾಯುತ್ತಿದ್ದರು, ಏಕೆಂದರೆ ಕೂಡಿದ ಮೇಲೆ ಒತ್ತಿದ ಆ ಫೋಟೋದಲ್ಲಿ ಮದುಮಗಳ ರೆಪ್ಪೆಯನ್ನು ಎಣಿಸಬಹುದಾಗಿತ್ತು.

ಸ್ಟುಡಿಯೋ ಹೋದರೂ ಒಂದು ಫೋಟೋ ಮಾತ್ರ ಅವರ ಪಾಲಿಗೆ ಉಳಿದಿತ್ತು. ಪೇಟೆಯ ಜರಿ ವ್ಯಾಪಾರಿ ನಾರಾಯಣಪ್ಪ ಪ್ರತಿ ಆಯುಧಪೂಜೆಯ ದಿನ ತನ್ನ ಕೆಲಸದವರನ್ನೆಲ್ಲ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿ ಏಕಾಂತಯ್ಯನವರ ಕೈಯಲ್ಲೇ ಫೋಟೋ ತೆಗೆಸುತ್ತಿದ್ದ. ಹೋದ ವರ್ಷದ ಆ ಫೋಟೋದಲ್ಲಿ ಇಡೀ ಸಾಲು ಮಂಜಿನಲ್ಲಿ ನಿಂತಂತೆ ಬಂತು. ನಾರಾಯಣಪ್ಪ ದೊಡ್ಡ ಮನುಷ್ಯ, “ದೈವೀ ಕಳೆ ಬಂದಿದೆ” ಎಂದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಮಾವ ಅದನ್ನು ನೋಡಿ, ಕ್ಯಾಮರಾ ಕೆಟ್ಟಿದೆ ಎಂದರು.

ಮಾವನ ಪ್ರಕಾರ ಈಗ ಕೆಟ್ಟಿರದ ವಸ್ತುವೇ ಇರಲಿಲ್ಲ. ಪೇಪರಿನವರು ಕಳಪೆ ಮಸಿ ಹಾಕುತ್ತಿದ್ದರು, ಅಕ್ಷರ ಹರಡುತ್ತಿತ್ತು. ಬೀದಿದೀಪಗಳಿಗೆ ಕೊಂಬು ಬಂದಿತ್ತು. ಚೌತಿಯ ಚಂದ್ರನೂ ಎರಡೆರಡಾಗಿದ್ದ. ಅದಕ್ಕೆ ಹೊಗೆ ಕಾರಣ. ಅವರ ಎರಡೂ ಕಣ್ಣಿಗೆ ಪೊರೆ ಬಂದು ಹಾಲುಬಿಳಿ ಕಟ್ಟಿದ್ದು ಮನೆಗೆ ಬಂದ ಹಾಲಿನವನಿಗೂ ಕಾಣುತ್ತಿತ್ತು. ಮಾವನಿಗೊಬ್ಬರಿಗೆ ಕಾಣುತ್ತಿರಲಿಲ್ಲ.

ನವರಾತ್ರಿಗೆ ಮುಂಚೆ ಫೋನು ಬಂತು.

“ಅಳಿಯ, ಭಾನುವಾರ ಬಾ. ಎರಡರಲ್ಲಿ ಒಂದು ಕೆಟ್ಟಿದೆ. ಯಾವುದು ಅಂತ ನೀನು ಹೇಳ್ಬೇಕು. ಊನವಾದ ಆಯುಧಾನ ಮನೇಲಿಟ್ಕೊಂಡು ಪೂಜೆ ಮಾಡಬಾರ್ದು. ಒಂದನ್ನ ಆಚೆ ಹಾಕ್ತೀನಿ.”

“ರಿಪೇರಿಯೋನಿಗೆ ತೋರಿಸಿದ್ರಾ ಮಾವ?”

“ತೋರಿಸ್ದೆ. ಎರಡೂ ಚೆನ್ನಾಗಿದೆ ಅಂತಾನೆ. ಅವನಿಗೆ ಕಣ್ಣು ಕಾಣಲ್ಲ.”

ಭಾನುವಾರ ಬಾಗಿಲಲ್ಲೇ ಅತ್ತೆ ಅವನ ತೋಳು ಹಿಡಿದು ಸೀದಾ ಅಡುಗೆಮನೆಗೆ ಎಳೆದುಕೊಂಡು ಹೋದರು. ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು ದನಿ ತಗ್ಗಿಸಿದರು.

“ನೋಡು ಈಶೂ, ನಾನು ಹೇಳಿದ್ರೆ ಹೆಂಡ್ತಿ ಮಾತು. ಡಾಕ್ಟ್ರು ಹೇಳಿದ್ರೆ ದುಡ್ಡಿಗೆ ಹೇಳ್ತಾರೆ ಅಂತಾರೆ. ವೀರಭದ್ರ ದೇವರ ಹತ್ರ ಹೂ ಕೇಳ್ದೆ, ಆಪರೇಷನ್ ಮಾಡಿಸ್ಲಾ ಅಂತ. ಬಲಗಡೆಗೇ ಬಿತ್ತು. ಬಂದು ಹೇಳಿದ್ರೆ ಏನಂದ್ರು ಗೊತ್ತಾ? ‘ಕೇಳಿದ್ದು ನೀನು, ನಿಂಗೆ ಬಿದ್ದಿದೆ, ನೀನು ಮಾಡಿಸ್ಕೋ’ ಅಂದ್ರು.”

“ಈಗ ನಾನೇನು ಹೇಳ್ಬೇಕು ಅತ್ತೆ?”

“ಇರೋದನ್ನ ಹೇಳು. ಕ್ಯಾಮರಾ ಎರಡೂ ಸರಿಯಾಗಿವೆ, ಕಣ್ಣು ತೋರಿಸ್ಕೊಳ್ಳಿ ಅಂತ. ಕ್ಯಾಮರಾ ವಿಷಯದಲ್ಲಿ ನೀನು ಹೇಳಿದ್ರೆ ಮಾತ್ರ ಕೇಳ್ತಾರೆ. ನೀನು ಪಂಡಿತ ಅಂತ ನಂಬಿದಾರೆ, ಪಾಪ.”

ಆ ‘ಪಾಪ’ ಯಾರಿಗೆ ಎಂದು ಈಶ್ವರ ಕೇಳಲಿಲ್ಲ.

ನಡುಮನೆಯಲ್ಲಿ ಮಾವ ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ ಎರಡು ಕ್ಯಾಮರಾಗಳನ್ನೂ ಇಟ್ಟಿದ್ದರು, ನೋಡಲು ಬಂದವರ ಮುಂದೆ ಹೆಣ್ಣು ಕೂರಿಸಿದ ಹಾಗೆ. ಹಣೆಯಲ್ಲಿ ವಿಭೂತಿ, ಮಡಿಯಾದ ಅಂಗಿ. ಈಶ್ವರ ಜಪಾನನ್ನು ಎತ್ತಿ ಕಿಟಕಿಯಾಚೆಯ ವಿದ್ಯುತ್ ಕಂಬಕ್ಕೆ ಹಿಡಿದ. ಎರಡು ಕಂಬ. ಬಳೆ ತಿರುಗಿಸಿದ. ಬೆಣ್ಣೆಯಂತೆ ಸರಿದು ಒಂದೇ ಕಂಬವಾಯಿತು. ರಷ್ಯಾ ಎತ್ತಿದ. ಬಳೆ ಸ್ವಲ್ಪ ಬಿಗಿ, ಗ್ರೀಸಿನ ವಾಸನೆ, ಕೈ ತುಂಬುವ ತೂಕ. ಅದರಲ್ಲೂ ಕಂಬ ಕೂಡಿತು. ಮೂರು ವರ್ಷ ಮೊಬೈಲಿನ ಗಾಜಿನ ಹಿಂದೆ ನೋಡಿದ್ದು ಕೈಯಲ್ಲಿತ್ತು, ಕೆಳಗಿಡಲು ಮನಸ್ಸಾಗಲಿಲ್ಲ.

“ಹೇಳು,” ಎಂದರು ಮಾವ. “ನಾನು ಎರಡರಲ್ಲೂ ನೋಡ್ದೆ. ಎಷ್ಟು ತಿರುಗಿಸಿದ್ರೂ ಕೂಡ್ತಿಲ್ಲ. ಎರಡೂ ಒಟ್ಟಿಗೆ ಕೆಡೋದು ಅಂದ್ರೆ ಹೆಂಗೆ? ಒಂದಾದ್ರೂ ನೆಟ್ಟಗಿರ್ಬೇಕಲ್ಲ.”

ದನಿ ಗಟ್ಟಿಯಾಗಿಯೇ ಇತ್ತು. ಆದರೆ ಪಂಚೆಯ ಅಂಚನ್ನು ಬೆರಳು ಮಡಚಿ ಮಡಚಿ ಬಿಡಿಸುತ್ತಿತ್ತು. ಈಶ್ವರನಿಗೆ ಆಫೀಸಿನ ಎರಡು ಗುಂಡಿಗಳು ನೆನಪಾದವು. ಅಲ್ಲಿ ಕಾರಿನ ಯಜಮಾನ ಎದುರಿಗೆ ಕೂತು ಬೆರಳು ಮಡಚುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೌಟು ಹಿಡಿದು ನಿಂತಿದ್ದರು. ‘ಎರಡೂ ಚೆನ್ನಾಗಿವೆ ಮಾವ’ ಎಂಬ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಬಿದ್ದುದು ಬೇರೆ.

“ರಷ್ಯಾ ಕೆಟ್ಟಿದೆ, ಮಾವ.”

ಮೂರು ವರ್ಷ ಆಗದ ಆಯ್ಕೆ ಸುಳ್ಳಿನಲ್ಲಿ ಒಂದೇ ಉಸಿರಿಗೆ ಆಗಿಹೋಯಿತು. ಅತ್ತೆ ಸೌಟಿನ ಸಮೇತ ಒಳಗೆ ಹೋದರು. ಮಾವನ ಮುಖ ಮಾತ್ರ ಮಗುವಿನ ಹಾಗೆ ಸಡಿಲವಾಯಿತು.

“ನಂಗೂ ಅದೇ ಅನುಮಾನ ಇತ್ತು ಕಣೋ. ಜಪಾನು ಮೋಸ ಮಾಡಲ್ಲ. ಬಳೆ ಸ್ವಲ್ಪ ಆಡಿದ್ರೆ ಸರಿ ಹೋಗುತ್ತೆ.” ರಷ್ಯಾವನ್ನು ಪಂಚೆಯಲ್ಲಿ ಸುತ್ತಿ ಅವನ ಮಡಿಲಿಗಿಟ್ಟರು. “ತಗೊಂಡ್ಹೋಗು. ಕೆಟ್ಟಿದ್ದು, ನಿಂಗೆ ಯಾತಕ್ಕೂ ಬರಲ್ಲ. ಬಿಚ್ಚಿ ನೋಡಿ ಕಲಿ, ಇಲ್ಲಾ ಗುಜರಿಗೆ ಹಾಕು.”

ಬಾಗಿಲವರೆಗೆ ಬಂದ ಅತ್ತೆ, ಗಂಟನ್ನು ನೋಡಿ, “ಒಳ್ಳೇ ಪಂಚಾಯ್ತಿ ಮಾಡ್ದೆ. ನ್ಯಾಯ ಹೇಳಕ್ಕೆ ಬಂದೋನು ಹಸು ಹೊಡ್ಕೊಂಡು ಹೋದ” ಎಂದರು. ಬಾಯಿಗೆ ರಷ್ಯಾ ಎಂದೇ ಏಕೆ ಬಂತು, ಕರುಣೆಯಿಂದಲೋ ಆಸೆಯಿಂದಲೋ ಎಂದು ಈಶ್ವರ ಹನುಮಂತನಗರದ ತನ್ನ ರೂಮಿನವರೆಗೂ ಯೋಚಿಸಿದ. ರೂಮಿಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು ಕಿಂಡಿಯಲ್ಲಿ ಕಣ್ಣಿಟ್ಟ. ನೀರಿನ ಟ್ಯಾಂಕು ಕೂಡಿತು. ಎದುರುಮನೆಯ ಬಟ್ಟೆ ತಂತಿ ಕೂಡಿತು. ಸಂತೋಷವಾಯಿತು, ಅದೇ ಕಷ್ಟ.

ಆಯುಧಪೂಜೆಯ ಬೆಳಿಗ್ಗೆ ಮಾವ ಅವನನ್ನೂ ನಗರ್ತಪೇಟೆಗೆ ಕರೆದುಕೊಂಡು ಹೋದರು. ಅಂಗಡಿಗಳಿಗೆಲ್ಲ ಬಾಳೆಕಂದು, ಚೆಂಡುಹೂ. ರಸ್ತೆಯ ತುಂಬ ಒಡೆದ ಬೂದುಗುಂಬಳ ಕುಂಕುಮ ಕಲಸಿಕೊಂಡು ಬಿದ್ದಿತ್ತು. ಮಾವ ಹೋಳುಗಳನ್ನು ತುಳಿಯುತ್ತಲೇ ನಡೆದರು. ನಾರಾಯಣಪ್ಪ ಹೊಸ ಪಂಚೆಯುಟ್ಟು, ಕೆಲಸದವರನ್ನು ಎರಡು ಸಾಲು ಮಾಡಿ ನಿಂತಿದ್ದ. “ಬನ್ನಿ ಬನ್ನಿ ಏಕಾಂತಯ್ಯನೋರೆ, ನಿಮಗೇ ಕಾಯ್ತಿದೀವಿ.”

ಮಾವ ಜಪಾನನ್ನು ಕಣ್ಣಿಗೆ ಹಿಡಿದರು. ಬಳೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು. ಮತ್ತೆ ಬಲಕ್ಕೆ. ಸಾಲಿನಲ್ಲಿದ್ದವರ ನಗು ಬಿಸಿಲಿಗೆ ಒಣಗತೊಡಗಿತು. ಯಾರೋ ಸೀನಿದರು. ಮಾವ ಒಂದು ಹೆಜ್ಜೆ ಮುಂದೆ ಹೋದರು, ಎರಡು ಹೆಜ್ಜೆ ಹಿಂದೆ ಬಂದರು, ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸಿದರು, ಕಿಂಡಿಯನ್ನೂ ಒರೆಸಿದರು.

“ಸುಮ್ನೆ ಒತ್ತಿಬಿಡಿ,” ಎಂದ ನಾರಾಯಣಪ್ಪ ಮೆತ್ತಗೆ. “ಬಂದಷ್ಟು ಬರ್ಲಿ.”

ಮಾವ ಕ್ಯಾಮರಾ ಇಳಿಸಿದರು. “ಬಂದಷ್ಟು ಬರ್ಲಿ ಅನ್ನೋದಕ್ಕೆ ನಾನ್ಯಾಕೆ ಬೇಕು ನಾರಾಯಣಪ್ಪನೋರೆ.”

ಅವರು ಜಪಾನನ್ನು ಕೊರಳಿಂದ ತೆಗೆದು ಈಶ್ವರನ ಕೊರಳಿಗೆ ಹಾಕಿದರು. “ಇದೂ ಹೋಯ್ತು. ನೀನೇ ಏನಾದ್ರೂ ಮಾಡು.”

ಈಶ್ವರ ಕಣ್ಣಿಟ್ಟ. ಇಬ್ಬರು ನಾರಾಯಣಪ್ಪ, ಎರಡು ಮೀಸೆ. ಬಳೆ ಕೂದಲೆಳೆಯಷ್ಟು ತಿರುಗಿಸಿದ, ಅಷ್ಟೇ. ಮೀಸೆಯ ಒಂದೊಂದು ಬಿಳಿ ಕೂದಲೂ ಬಂದು ತನ್ನ ಜಾಗದಲ್ಲಿ ಕೂತಿತು. ಒತ್ತಿದ. ಅವನ ಜೀವನದ ಮೊದಲ ರೀಲಿನ ಫೋಟೋ ಅದು. ಪಕ್ಕದಲ್ಲಿ ಮಾವ ಕೈ ಕಟ್ಟಿಕೊಂಡು, ಅಂಗಡಿಯ ಕಡೆಗಲ್ಲದೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು.

ಮಾರ್ಕೆಟ್ಟಿನ ಕಡೆ ನಡೆಯುವಾಗ ಅವನಿಗೆ ತಡೆಯಲಾಗಲಿಲ್ಲ.

“ಮಾವ, ಒಂದ್ಮಾತು. ಜಪಾನು ಕೆಟ್ಟಿಲ್ಲ. ರಷ್ಯಾನೂ ಕೆಟ್ಟಿರ್ಲಿಲ್ಲ. ಅವತ್ತು ನಾನು ಸುಳ್ಳು ಹೇಳ್ದೆ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ತೆಗೆಸಿದ್ರೆ ಮತ್ತೆ ಕೂಡುತ್ತೆ.”

ಏಕಾಂತಯ್ಯನವರು ನಿಂತರು. ಹೂವಿನ ಮೂಟೆ ಹೊತ್ತವನೊಬ್ಬ “ಸೈಡು ಸೈಡು” ಎನ್ನುತ್ತ ಇಬ್ಬರನ್ನೂ ಸವರಿಕೊಂಡು ಹೋದ.

“ಅವತ್ತು ಯಾವುದು ಕೆಟ್ಟಿದೆ ಅಂತ ಕೇಳ್ದೆ. ನೀನು ರಷ್ಯಾ ಅಂದೆ.”

“ಹೌದು ಮಾವ, ಆದ್ರೆ—”

“ಅಂದ್ರೆ ಜಪಾನು ಚೆನ್ನಾಗಿದೆ ಅಂತಾಯ್ತು. ನಿನ್ನ ಮಾತು ನಂಬ್ಕೊಂಡು ಹತ್ತು ಜನದ ಮುಂದೆ ನಿಂತೆ. ಏನಾಯ್ತು ನೋಡಿದ್ಯಲ್ಲ. ಈಗ ಎರಡೂ ಚೆನ್ನಾಗಿದೆ ಅಂತೀಯ.” ಸಿಟ್ಟಿರಲಿಲ್ಲ, ಮರುಕವಿತ್ತು. ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹಾಲುಗಟ್ಟಿದ ಕಣ್ಣುಗಳಿಂದ ದಿಟ್ಟಿಸಿದರು. “ಅಳಿಯ, ದಿನವೆಲ್ಲ ಕಂಪ್ಯೂಟ್ರು ನೋಡ್ತೀಯ. ನಿನ್ನ ಕಣ್ಣು ಹೋಗಿದೆ ಕಣೋ. ಈ ವಯಸ್ಸಿಗೇ. ತೋರಿಸ್ಕೋ.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಈಶ್ವರನಿಗೆ ಒಂದು ಉಪಾಯ ಹೊಳೆಯಿತು.

“ತೋರಿಸ್ಕೋತೀನಿ. ನೀವೂ ಜೊತೆಗೆ ಬನ್ನಿ ಮಾವ.”

“ಬರ್ದೆ ಏನು. ಒಬ್ನೇ ಕಳಿಸ್ತೀನಾ ನಿನ್ನ?”

ಹಬ್ಬ ಮುಗಿದು ಎರಡು ದಿನಕ್ಕೆ ಇಬ್ಬರೂ ಹೊರಟರು. ಅತ್ತೆ ಮೊದಲೇ ಫೋನು ಮಾಡಿ ಕಣ್ಣಿನ ಡಾಕ್ಟರಮ್ಮನಿಗೆ ಎಲ್ಲ ಹೇಳಿಟ್ಟಿದ್ದರು. ಮಾವನ ಮನೆಯಿಂದ ನಾಲ್ಕು ಬೀದಿಯಾಚೆಯ ಸಣ್ಣ ಆಸ್ಪತ್ರೆ. ಈಶ್ವರ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ತಪ್ಪಿಲ್ಲದೆ ಓದಿದ. “ಬಾಯಿಪಾಠ ಮಾಡ್ಕೊಂಡು ಬಂದಿದಾನೆ, ಡ್ರಾಪ್ಸ್ ಹಾಕಿ ನೋಡಿ” ಎಂದರು ಹಿಂದಿನಿಂದ ಮಾವ. ಡಾಕ್ಟರಮ್ಮ ಈಶ್ವರನ ಕಡೆ ಒಮ್ಮೆ ನೋಡಿ, ಮಾವನನ್ನು ಒಲಿಸಲಿಕ್ಕೆ ಇದೇ ದಾರಿ ಎಂದುಕೊಂಡು ಹಾಕಿದರು. ಚುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಕೈಯ ರೇಖೆಗಳೇ ಕರಗಿ ಹೋದವು.

“ಯಜಮಾನ್ರೇ, ಬಂದಿದ್ದೀರ, ನೀವೂ ಒಂದ್ಸಲ ಕೂತ್ಕೊಳ್ಳಿ. ಐದು ನಿಮಿಷ ಸಾಕು,” ಎಂದರು ಡಾಕ್ಟರಮ್ಮ.

“ಇಬ್ಬರಿಗೂ ಹಾಕಿಬಿಟ್ರೆ,” ಎಂದರು ಏಕಾಂತಯ್ಯನವರು ನಿಧಾನವಾಗಿ, ಬುದ್ಧಿ ಕಡಿಮೆಯವರಿಗೆ ಹೇಳುವಂತೆ, “ಈ ಹುಡುಗನ್ನ ಮನೆಗೆ ಕರ್ಕೊಂಡು ಹೋಗೋರು ಯಾರಮ್ಮ?”

ಇನ್ನೊಂದು ದಿನ ಬರುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ದೀಪಾವಳಿ ಕಳೆಯಲಿ, ನೋಡೋಣ ಎಂದರು ಮಾವ. ಅದು ಯಾವ ನೋಡೋಣ ಎಂದು ಈಶ್ವರನಿಗೆ ಗೊತ್ತಿತ್ತು.

ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಸುಣ್ಣ ಎರಚಿದಂತಿತ್ತು. ರಸ್ತೆಯೆಲ್ಲ ಅಲುಗುವ ಬಿಳಿ ಮುದ್ದೆಗಳು, ಅವುಗಳಿಂದ ಹಾರನ್ನಿನ ಸದ್ದು. ಮಾವ ಅವನ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು ಫುಟ್‌ಪಾತಿನ ಅಂಚಿಗೆ ತಂದು ನಿಲ್ಲಿಸಿದರು. ಬಹಳ ದಿನದ ಮೇಲೆ ಅವರ ದನಿಯಲ್ಲಿ ಹುರುಪಿತ್ತು.

“ಹೆದರಬೇಡ, ನಾನಿದೀನಿ.”

“ಮಾವ, ಅದೇನು ಬರ್ತಿರೋದು? ಬಸ್ಸಾ?”

“ಬರ್ಲಿ, ದೂರ ಇದೆ. ನಡಿ,” ಎಂದರು ಏಕಾಂತಯ್ಯನವರು. ದನಿ ಬಂದ ದಿಕ್ಕಿನಿಂದ ಅಂದಾಜಿಸಿದರೆ, ಅವರ ಮುಖ ಹಾರನ್ನಿನ ಸದ್ದು ಬರುತ್ತಿದ್ದ ಕಡೆಗಲ್ಲ, ಅದರ ವಿರುದ್ಧ ಕಡೆಗಿತ್ತು. ಕೈ ಬಿಡಿಸಿಕೊಳ್ಳಲು ಈಶ್ವರನಿಗೆ ಮನಸ್ಸು ಬರಲಿಲ್ಲ. ಇಬ್ಬರೂ ರಸ್ತೆಗಿಳಿದರು.