ಸವೆದ ಪೆಡಲ್ಲಿನ ಕುರ್ಪಿ

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ ಶಹಾಪುರದ ನಮ್ಮ ಓಣಿಯಲ್ಲಿ ಒಬ್ಬ ಮಿಸ್ತ್ರಿಯಿದ್ದ. ಓಡದ ಲಾರಿಗಳನ್ನು ಬಿಚ್ಚುವುದು ಅವನ ಕಸುಬು. ಪಟ್ಟಿ ಸ್ಪ್ರಿಂಗು ಅವನ ಕುಲುಮೆಯಲ್ಲಿ ಕುಡಗೋಲಾಗುತ್ತಿತ್ತು, ಟೈರು ಕುರಿಗಾರರ ಕಾಲಿಗೆ ಚಪ್ಪಲಿಯಾಗುತ್ತಿತ್ತು. ಗುಜರಿ ಎಂದವರಿಗೆ ಸುತ್ತಿಗೆಯ ಹಿಡಿಯಿಂದಲೇ ದಾರಿ ತೋರಿಸುತ್ತಿದ್ದ. ಮಾಡಿದ್ದನ್ನು ಯಾರ ಕೈಗೆ ಕೊಟ್ಟರೂ ಒಂದೇ ಮಾತು: "ಲಾರಿ ಸತ್ತಿಲ್ರಿ, ಅದರ ಕೆಲಸ ಬದಲಾಗ್ಯದ."

ಒಮ್ಮೆ ಬೋನಾಳದ ಹೆಣ್ಣುಮಗಳೊಬ್ಬಳು ಕಳೆ ತೆಗೆಯುವ ಕುರ್ಪಿ ಮಾಡಿಸಲು ಬಂದಳು. ನಿಜಾಮರ ಆಳ್ವಿಕೆ ಕೊನೆಗೊಂಡ ಗಲಭೆಯ ವರ್ಷ ಸತ್ತ ಅವಳ ಗಂಡ ಓಡಿಸುತ್ತಿದ್ದ ಲಾರಿಯನ್ನು ಮಿಸ್ತ್ರಿ ಆಗಷ್ಟೇ ಬಿಚ್ಚಿ ಹಾಕಿದ್ದ. ರಾಶಿಯೊಳಗಿಂದ ಬ್ರೇಕಿನ ಪೆಡಲ್ಲನ್ನು ಎತ್ತಿಕೊಟ್ಟಳು. ಕಾಲಿಡುವ ಜಾಗ ಸವೆದು ತಗ್ಗಾಗಿತ್ತು.

"ಇದು ನಮ್ಮ ಮನಿಯವರ ಕಾಲು ಸವೆಸಿದ್ದು ರೀ. ಇದರಾಗ ಮಾಡಿಕೊಡ್ರಿ. ಮನ್ಯಾಗ ಇಟ್ಟು ನೋಡಕೋತ ಕುಂದ್ರಾಕ ಆಗೂದಿಲ್ಲ."

ಮಿಸ್ತ್ರಿ ಪೆಡಲ್ಲಿನ ಕಂಬಿಯನ್ನಷ್ಟೇ ಕಾಯಿಸಿ, ಬಡಿದು, ಅಲಗು ಮಾಡಿದ. ಸವೆದ ಭಾಗವನ್ನು ಹಿಡಿಯಾಗಿ ಹಾಗೇ ಬಿಟ್ಟ. ಕೊಡುವಾಗ ತನ್ನ ಎಂದಿನ ಮಾತು ಆಡಲಿಲ್ಲ.

"ಈ ಕಡಿಗಿ ಸುತ್ತಿಗಿ ಮುಟ್ಟಿಸಿಲ್ಲವ್ವಾ," ಎಂದಷ್ಟೇ ಅಂದ.

ಅವಳು ಹಿಡಿದು ನೋಡಿದಳು. ಗಂಡನ ಪಾದ ಸವೆಸಿದ ತಗ್ಗಿನಲ್ಲಿ ಅವಳ ಅಂಗೈ ಸರಿಯಾಗಿ ಕೂತಿತು.