ಯಂತ್ರವೀರನ ತಾಯಿತ

ಇಂದು ಬೆಳಿಗ್ಗೆ ಹುಣಸೂರು ಪೇಟೆಯಲ್ಲಿ ತಗಡಿನ ಕೆಲಸದವನೊಬ್ಬ ಸೀಮೆಎಣ್ಣೆ ಡಬ್ಬ ಕತ್ತರಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಗು ಬಂತು. ಅವನು ತನ್ನನ್ನೇ ನೋಡಿ ನಕ್ಕೆನೆಂದುಕೊಂಡು ಮುಖ ಗಂಟಿಕ್ಕಿದ. ನಾನು ನಕ್ಕದ್ದು ಅವನಿಗಲ್ಲ, ಯಂತ್ರವೀರನಿಗೆ.

ಸಿನಿಮಾ ಇನ್ನೂ ಮಾತಾಡದಿದ್ದ ಕಾಲ ನಿಮಗೆ ನೆನಪಿರಬಹುದು. ಆಗ ನಮ್ಮೂರ ಟೆಂಟಿನಲ್ಲಿ ಪರದೆಯ ಪಕ್ಕ ಕೋಲು ಹಿಡಿದು ನಿಂತು ಕಥೆ ಹೇಳುತ್ತಿದ್ದವರು ನನ್ನ ಸೋದರಮಾವ ಪುಟ್ಟಸ್ವಾಮಿ. ಚಿತ್ರ ಎಂಥದೇ ಇರಲಿ, ಹೊಗಳುವುದು ಕಥೆಗಾರನ ಧರ್ಮ. ನನಗೋ ಆಗಲೇ ದಿನಚರಿಯ ಹುಚ್ಚು. ನೋಡಿದ ಚಿತ್ರಕ್ಕೆಲ್ಲ ತಾರೀಖು ಹಾಕಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದೆ. ಕೇಳಿದವರು ಯಾರೂ ಇಲ್ಲ.

ಒಮ್ಮೆ 'ಮಂಗಳಲೋಕದ ಯಂತ್ರವೀರ' ಬಂತು. ಮಂಗಳಲೋಕ ದಾರದ ತುದಿಯಲ್ಲಿ ತೂಗಾಡುತ್ತಿತ್ತು. ಅಲ್ಲಿಂದಿಳಿದ ಉಕ್ಕಿನ ಮನುಷ್ಯನ ಮೈಯೆಲ್ಲ ಬಣ್ಣ ಬಳಿದ ಸೀಮೆಎಣ್ಣೆ ಡಬ್ಬ. ಮಾವ ಮಾತ್ರ, "ನೋಡಿರಿ ಮಹಾಜನಗಳೇ, ವಜ್ರದೇಹಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಕತ್ತಿವರಸೆಯ ನಡುವೆ ವಜ್ರದೇಹಿಯ ತೋಳಿನ ಡಬ್ಬ ಕಳಚಿ ಬಿತ್ತು. ಒಳಗೆ ಬಡಕಲು ತೋಳು, ತೋಳಿನಲ್ಲಿ ತಾಯಿತ.

ನೆಲದ ಮೇಲೆ ಕೂತಿದ್ದ ಹೊಗೆಸೊಪ್ಪಿನ ಮಂಡಿಯ ನಿಂಗಕ್ಕ ಕೂಗಿದಳು: "ಪುಟ್ಸಾಮಣ್ಣಾ, ಮಂಗಳಲೋಕ್ದಲ್ಲೂ ತಾಯ್ತ ಕಟ್ತಾರಾ?"

ಮಾವ ಕೋಲಿನಿಂದ ತಾಯಿತವನ್ನೇ ತೋರಿಸಿ, "ಕಟ್ತಾರೆ ಕಣಕ್ಕ, ಇಂಥ ಪಿಚ್ಚರ್ ತೆಗೆದೋರ ಗಾಳಿ ಸೋಕ್ದಿರ್ಲಿ ಅಂತ" ಎಂದರು.

ಟೆಂಟು ಹಾರಿಹೋಗುವಂತೆ ಜನ ನಕ್ಕರು. ಅಲ್ಲಿಂದ ಮಾವ ಹೊಗಳುವುದನ್ನು ಬಿಟ್ಟೇಬಿಟ್ಟರು. ಜನ ಒಂದು ಕುಂದು ಹೇಳಿದರೆ ಅವರು ಇನ್ನೊಂದು ತೋರಿಸುವರು.

ಆಟ ಮುಗಿದ ಮೇಲೆ ಟೆಂಟಿನ ಸಾಹುಕಾರರು ಅವರನ್ನು ಹಿಡಿದುಕೊಂಡರು. "ನಿನ್ನ ಇಟ್ಕೊಂಡಿರೋದು ಹೊಗಳಾಕೆ ಕಣಯ್ಯ, ಬೈಯಾಕಲ್ಲ. ನಾಳೆ ಟೆಂಟು ತುಂಬ್ನಿಲ್ಲ ಅಂದ್ರೆ ನಿನ್ ದಾರಿ ನೀನ್ ನೋಡ್ಕೊ."

ಮಾವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಮನೆಯಲ್ಲಿ ಆ ದಿನ ಅನ್ನ ಮುಟ್ಟಲಿಲ್ಲ. ಮೈಸೂರಿನ ಪತ್ರಿಕೆಯೊಂದು ಈ ಚಿತ್ರ ವಿಜ್ಞಾನಕ್ಕೇ ಅವಮಾನವೆಂದು ಬರೆದಿತ್ತು. ನಾನೂ ಸೊನ್ನೆ ಹಾಕಿ ಅಡಿಗೆರೆ ಎಳೆದಿದ್ದೆ. ಇನ್ನಾರು ಬರುತ್ತಾರೆ?

ಬಂದರು. ಹಿಂದಿನ ದಿನ ನೋಡಿದವರೇ ಮನೆಮಂದಿಯನ್ನು ಕಟ್ಟಿಕೊಂಡು ಬಂದರು. ಹಂಪಾಪುರದಿಂದಲೂ ಗಾಡಿಗಳು ಬಂದವು. ನಿಂಗಕ್ಕ ಮುದಿ ಅತ್ತೆಯನ್ನು ಕೈಹಿಡಿದು ಕೂರಿಸಿ, "ತಾಯ್ತ ಬರಾಗಂಟ ನಿದ್ದೆ ಮಾಡ್ಬ್ಯಾಡ ಕಣತ್ತೆ" ಎಂದಳು. ಸಾಹುಕಾರರು ತುಂಬಿದ ಟೆಂಟನ್ನು ನೋಡಿದರು, ಮಾವನನ್ನು ನೋಡಿದರು. "ಬೈಯಿ. ಆದ್ರೆ ಎಲ್ರೂ ಒಳೀಕೆ ಬಂದ್ಮ್ಯಾಲೆ ಬೈಯಿ" ಎಂದರು. ಒಳ್ಳೆಯ ಚಿತ್ರಗಳೂ ನಮ್ಮೂರಲ್ಲಿ ಯಂತ್ರವೀರನಷ್ಟು ದಿನ ನಿಂತದ್ದಿಲ್ಲ.

ಈಗ ಚಿತ್ರಗಳೇ ಮಾತಾಡುತ್ತವೆ. ಮಾವ ಅದೇ ಟೆಂಟಿನ ಬಾಗಿಲು ಕಾಯುತ್ತಾರೆ, ಆಟ ಶುರುವಾದ ಮೇಲೆ ಒಳಗೆ ಬಂದು ನನ್ನ ಪಕ್ಕ ಕೂರುತ್ತಾರೆ. ಇವತ್ತು ಸಂಜೆಯೂ ಹಾಗೇ ಕೂತಿದ್ದರು. ಹೊಡೆದಾಟದಲ್ಲಿ ನಾಯಕನ ಮೀಸೆ ಒಂದು ಕಡೆ ಕಿತ್ತುಕೊಂಡು ಜೋತಾಡಿತು. ಎಲ್ಲರಿಗೂ ಕಂಡಿತು, ಯಾರೂ ಉಸಿರೆತ್ತಲಿಲ್ಲ. ಅಂಕವನ್ನು ಮನೆಗೆ ಹೋಗಿಯೇ ಹಾಕುವವನಾದ ನಾನು, ಅದು ಹೇಗೋ, "ಮೀಸೆ ಹಿಡ್ಕೊಳಯ್ಯಾ, ಆಮೇಲೆ ಹೊಡೆದಾಡುವಂತೆ!" ಎಂದು ಕೂಗಿಬಿಟ್ಟೆ.

ಟೆಂಟು ಗೊಳ್ಳೆಂದಿತು. ಮಾವ ಪರದೆಯಿಂದ ಕಣ್ಣು ಕೀಳಲಿಲ್ಲ.

"ಇನ್ನೂ ಗಟ್ಟಿಯಾಗ್ ಕೂಗು ಕಣ್ಲಾ," ಎಂದರು. "ಹಿಂದ್ಗಡೆಯೋರ್ಗೆ ಕೇಳ್ನಿಲ್ಲ."