ಚೆಲುವಣ್ಣ ಇಳಿಸದ ನೀಲಿ ಸೈಕಲ್

ಸೈಕಲ್ ಮೇಲೆ ಕೂತಿದ್ದರೂ ಬಸ್ ಸ್ಟಾಪ್ ಕಂಡ ಕೂಡಲೇ ಚೆಲುವಣ್ಣನ ಬಲಗಾಲು ಬ್ರೇಕಿಗಾಗಿ ಹುಡುಕಾಡುತ್ತಿತ್ತು. ಸೈಕಲ್ಲಿನ ಬ್ರೇಕು ಕೈಯಲ್ಲಿದೆ ಎಂಬುದು ನೆನಪಾಗುವಷ್ಟರಲ್ಲಿ ಸ್ಟಾಪಿನಲ್ಲಿದ್ದವರು ಚೀಲ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದಿರುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ, "ಕೋಟೆಗೆ ಓಯ್ತದಾ ಡ್ರೈವರಪ್ಪ?" ಎಂದು ಕೇಳಿಯೇಬಿಟ್ಟಳು. ಚೆಲುವಣ್ಣ ಚೂರೂ ನಗದೆ, "ಓಯ್ತದೆ ಕಣವ್ವ, ಆದ್ರೆ ಸೀಟಿಲ್ಲ. ಹಿಂದ್ಗಡೆ ಖಾಲಿ ಗಾಡಿ ಬತ್ತಾ ಅದೆ" ಎಂದು ಹೇಳಿ, ಬಲಗೈ ಚಾಚಿ ಸಿಗ್ನಲ್ ಕೊಟ್ಟು, ಗಂಭೀರವಾಗಿ ಪೆಡಲ್ ತುಳಿದರು.

ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ಸರ್ಕಾರಿ ಬಸ್ಸಿನ ಡ್ರೈವರ್ ಅವರು. ಹೆಚ್ಚಾಗಿ ವಾರವಿಡೀ ಓಡಿದ ರಸ್ತೆಯಲ್ಲೇ ರಜೆಯ ಭಾನುವಾರ ಸೈಕಲ್ ತುಳಿಯುತ್ತಿದ್ದರು. ಇದೇನು ಹುಚ್ಚು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ವಾರವೆಲ್ಲ ಊರೋರ್ನ ಕರ್ಕಂಡೋಯ್ತೀನಿ. ಒಂದಿನ ನನ್ನ ನಾನು ಕರ್ಕಂಡೋಗದ್ ಬ್ಯಾಡ್ವಾ?" ನಮ್ಮಂಥವರು ಎಷ್ಟು ದೂರ ಬಂದೆವೆಂದು ಮೊಬೈಲಿನಲ್ಲಿ ನೋಡಿಕೊಂಡರೆ ಅವರಿಗೆ ಆಗುತ್ತಿರಲಿಲ್ಲ. "ಅಳೆಯೋದು ಡ್ಯೂಟಿ ಕಣ್ಲಾ. ಇವತ್ತು ರಜ."

ಅವರ ಮನೆಯ ಹಜಾರದಲ್ಲಿ ಮೂರು ಸೈಕಲ್ಲುಗಳಿದ್ದವು. ಒಂದು ಕರಿಯದು, ಕಬ್ಬಿಣದ ಗಟ್ಟಿ ಆಸಾಮಿ, ಅವರಪ್ಪನ ಕಾಲದ್ದು. ಇನ್ನೊಂದು ಅವರ ಹೆಂಡತಿ ಮಂಗಳಕ್ಕನ ಬುಟ್ಟಿ ಸೈಕಲ್. ಮೂರನೆಯದು ನೀಲಿಯ ಗೇರ್ ಸೈಕಲ್. ಟಗರಿನ ಕೊಂಬಿನಂತೆ ಬಗ್ಗಿದ ಹ್ಯಾಂಡಲ್, ಬಳೆಯಂಥ ತೆಳು ಟೈರು. ಅದನ್ನು ಟೀವಿಯ ಮೇಲುಗಡೆ ಗೋಡೆಗೆ ಎರಡು ಕೊಕ್ಕೆ ಹೊಡೆದು ನೇತುಹಾಕಿದ್ದರು. ದೇವರ ಪಟಕ್ಕೂ ಅಷ್ಟು ಎತ್ತರದ ಜಾಗ ಸಿಕ್ಕಿರಲಿಲ್ಲ.

ಲೋಕದಲ್ಲಿ ಜನ ರಸ್ತೆ ನೋಡಿ ಸೈಕಲ್ ಆರಿಸುತ್ತಾರೆ. ಏರು ಇದ್ದರೆ ಗೇರಿನದು, ಮಣ್ಣುದಾರಿಯಾದರೆ ದಪ್ಪ ಟೈರಿನದು. ಚೆಲುವಣ್ಣ ಮನುಷ್ಯರನ್ನು ನೋಡಿ ಆರಿಸುತ್ತಿದ್ದರು. ಬೆಳಿಗ್ಗೆ ಟೀ ಲೋಟ ಹಿಡಿದು ಮೂರರ ಮುಂದೆ ನಿಂತು, "ಮೊದ್ಲು ಜೊತೇಲಿ ಯಾರು ಅನ್ನು, ಆಮೇಲೆ ಯಾವ್ದು ಅಂತ ಯೋಳ್ತೀನಿ" ಎನ್ನುತ್ತಿದ್ದರು.

ನನ್ನ ಜೊತೆ ಹೊರಟರೆ ಯಾವಾಗಲೂ ಕರಿಯದು.

ನಾನು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವವನು. ಅದಕ್ಕಿಂತ ಹೆಚ್ಚಾಗಿ ಊರಿನವರ ದನಿ ರಿಪೇರಿ ಮಾಡುವವನು. ಮದುವೆ ಬ್ರೋಕರಿನಿಂದ ಹಿಡಿದು ನಮ್ಮಪ್ಪನವರೆಗೆ ನಾನು ಅಣಕಿಸದ ದನಿಯಿಲ್ಲ. ಒಮ್ಮೆ ನಿಂತ ಬಸ್ಸಿನ ಹಿಂದೆ ನಿಂತು ಚೆಲುವಣ್ಣನ ದನಿಯಲ್ಲಿ "ರೈಟ್ ಯೋಳಪ್ಪ, ಟೈಮಾಯ್ತು" ಅಂದಿದ್ದಕ್ಕೆ ಕಂಡಕ್ಟರ್ ಕುಡಿಯುತ್ತಿದ್ದ ಟೀ ಬಿಟ್ಟು ಓಡಿ ಬಂದಿದ್ದ. ಮೈಯಲ್ಲಿ ಮಾತ್ರ ನಾನು ರಾಗಿ ಮೂಟೆ. ಏರು ಬಂದರೆ ಸೈಕಲ್ ನನ್ನನ್ನು ಹೊರುತ್ತದೋ ನಾನು ಸೈಕಲ್ಲನ್ನು ಹೊರುತ್ತೇನೋ ಎಂಬ ಅನುಮಾನ ನೋಡುವವರಿಗೆ ಬರುತ್ತಿತ್ತು.

ಕರಿಯದರ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ, ಪ್ರಸನ್ನ ಬರುವವರೆಗೆ. ಅವನು ಕೆ.ಆರ್. ನಗರದ ಹುಡುಗ, ಹುಣಸೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಮೈಗಂಟಿದ ಬಟ್ಟೆ, ಎಳೆ ಬಿದಿರಿನಂಥ ಕಾಲು. ಮಾತೋ, ದಿನಕ್ಕೆ ಮೂರು: "ಹೂಂ", "ಸರಿ", "ಹೊರಡಾಣ್ವಾ". ಅಣಕಿಸಲು ಒಂದು ಹಿಡಿ ದನಿಯೂ ಸಿಗದ ಮನುಷ್ಯ. ಅಂಥವನು ಬಂದ ದಿನ ಚೆಲುವಣ್ಣ ಸ್ಟೂಲ್ ಎಳೆದು, ಹತ್ತಿ, ನೀಲಿಯದನ್ನು ಮಗು ಇಳಿಸಿದಂತೆ ಇಳಿಸಿ, ಮಂಗಳಕ್ಕನ ಹಳೇ ಸೀರೆ ತುಂಡಿನಲ್ಲಿ ಒರೆಸುತ್ತಿದ್ದರು. ಆಮೇಲೆ ಇಬ್ಬರೂ ಕೋಟೆ ದಾಟಿ, ಅಂತರಸಂತೆ ದಾಟಿ, ಕಾಕನಕೋಟೆಯ ಕಾಡು ಶುರುವಾಗುವವರೆಗೂ ಹೋಗಿ ಬರುತ್ತಿದ್ದರು. ನನ್ನ ಜೊತೆ ಬಂದರೆ ಪಿರಿಯಾಪಟ್ಟಣದ ದಾರಿಯಲ್ಲಿ ಹತ್ತಿರದ ಕಂಪಲಾಪುರ, ಟೀ, ಬೋಂಡ, ವಾಪಸ್.

ಒಂದು ವಾರ ಅವನು, ಒಂದು ವಾರ ನಾನು. ಈ ಪಾಳಿ ಮಾಡಿದವನು ನಾನೇ. ಮೂವರೂ ಒಟ್ಟಿಗೆ ಹೋದರೆ ಹಿಂದೆ ಉಳಿಯುವವನು ಯಾರೆಂದು ನನಗೆ ಗೊತ್ತಿತ್ತು. ಆದರೆ ಅವನ ಪಾಳಿಯ ಭಾನುವಾರ ನಾನು ಅಂಗಡಿ ತೆರೆದು ಸುಮ್ಮನೆ ರಸ್ತೆ ನೋಡುತ್ತ ಕೂರುತ್ತಿದ್ದೆ. ನೀಲಿ ಸೈಕಲ್ ಸರ್ರೆಂದು ಹೋಗುತ್ತಿತ್ತು. ಯಾರದೋ ಮೊಬೈಲಿನ ಸ್ಕ್ರೂ ನನ್ನ ಕೈಯಲ್ಲಿ ಬೇಕಾದ್ದಕ್ಕಿಂತ ಬಿಗಿಯಾಗುತ್ತಿತ್ತು. ನನಗೂ ಒಂದು ಸಲ ಚೆಲುವಣ್ಣ ಆ ಸ್ಟೂಲ್ ಎಳೆಯಬೇಕು, ನನಗಾಗಿ ಆ ನೀಲಿ ಗೋಡೆಯಿಂದ ಇಳಿಯಬೇಕು. ಬದುಕಿನಲ್ಲಿ ಆಗ ಬೇರೇನೂ ಬೇಕಿರಲಿಲ್ಲ.

ತಪ್ಪು ನನ್ನ ಗೇರಿಲ್ಲದ ಸೈಕಲ್ಲಿನದು ಎಂದುಕೊಂಡೆ. ಪಿರಿಯಾಪಟ್ಟಣದ ಸೋದರಮಾವನ ಮಗ ಕೊಂಡು ಮೂಲೆಗೆ ಸೇರಿಸಿದ್ದ ಗೇರ್ ಸೈಕಲ್ಲನ್ನು ಬೇಡಿ ತಂದೆ. ದಿನಾ ಬೆಳಿಗ್ಗೆ ಯಾರಿಗೂ ಹೇಳದೆ ಲಕ್ಷ್ಮಣತೀರ್ಥ ಹೊಳೆಯ ಪಕ್ಕದ ದಾರಿಯಲ್ಲಿ ತುಳಿದೆ. ನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬಂದವು, ಆಮೇಲೆ ಕನಿಕರಪಟ್ಟು ಬಿಟ್ಟವು. ಮೈ ಸ್ವಲ್ಪ ಇಳಿದ ಮೇಲೆ ನನ್ನ ಪಾಳಿಯ ಭಾನುವಾರ ಹೋಗಿ ಬೆಲ್ ಹೊಡೆದೆ.

ಚೆಲುವಣ್ಣ ಹೊರಗೆ ಬಂದರು. ಟೈರು ಅಮುಕಿ ನೋಡಿದರು, ಗೇರು ಬದಲಿಸಿ ನೋಡಿದರು, "ಭೇಷ್ ಕಣ್ಲಾ" ಅಂದರು. ಒಳಗೆ ಹೋದರು. ನಾನು ಕಿವಿಯಿಟ್ಟು ಸ್ಟೂಲ್ ಎಳೆಯುವ ಸದ್ದಿಗೆ ಕಾದೆ. ಬಂದದ್ದು ಕರಿ ಸೈಕಲ್ಲಿನ ಸ್ಟ್ಯಾಂಡ್ ತೆಗೆದ ಸದ್ದು.

ಕಂಪಲಾಪುರದವರೆಗೂ ನಾನು ಯಾರ ದನಿಯನ್ನೂ ಅಣಕಿಸಲಿಲ್ಲ.

"ಯಾಕ್ಲಾ ಮಗ, ಸ್ವಿಚಾಫ್ ಆಗ್ಬುಟ್ಟೆ?" ಎಂದರು ಟೀ ಅಂಗಡಿಯಲ್ಲಿ.

"ಆ ಪ್ರಸನ್ನನಿಗಾದ್ರೆ ನೀಲೀನ ಇಳಿಸ್ತೀರಿ. ನಾನೇನ್ ಮಾಡಿದ್ದೆ ನಿಮಗೆ?"

ಚೆಲುವಣ್ಣ ಬೋಂಡ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. "ನೀಲಿ ಮ್ಯಾಲೆ ಕುಂತ್ರೆ ತಲೆ ಬಗ್ಗಿರ್ತದೆ, ಕಿವೀಲಿ ಗಾಳಿ ಬುಟ್ರೆ ಬ್ಯಾರೇನೂ ಕೇಳಕ್ಕಿಲ್ಲ. ಅವನೇನ್ ಮಾತಾಡ್ತಾನೆ, ಅವನ ಜೊತೆಗೆ ಅದೇ ಸರಿ. ನಿನ್ ಜೊತೆ ಬಂದ್ರೆ ನಗಬೇಕಲ್ಲಪ್ಪ. ನಗಕ್ಕೆ ಬೆನ್ನು ನೆಟ್ಟಗಿರ್ಬೇಕು ಕಣ್ಲಾ."

"ಅಂದ್ರೆ ನಾನು ರೇಡಿಯೋ."

"ರೇಡಿಯೋಗೆ ಬ್ಯಾಟ್ರಿ ಹಾಕ್ಬೇಕು. ನಿಂಗೆ ಬೋಂಡ ಹಾಕ್ತಾ ಇವ್ನಿ. ತಿನ್ನು."

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಹೊಟ್ಟೆಕಿಚ್ಚಿನವನಿಗೆ ಸಮಾಧಾನ ಹೇಳುವುದೆಂದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಹಸಿ ಸೌದೆ ಇಟ್ಟಂತೆ, ಹೊಗೆಯೇ ಹೆಚ್ಚು. ನನಗೆ ಕೇಳಿಸಿದ್ದು ಇಷ್ಟು: ಓಡುವುದಕ್ಕೆ ಅವನು, ನಗಿಸುವುದಕ್ಕೆ ನಾನು. ವಾಪಸ್ ಬರುವಾಗ ಪ್ರಸನ್ನನ "ಹೂಂ" ಅನ್ನು ಅಣಕಿಸಿ ತೋರಿಸಿದೆ. ಚೆಲುವಣ್ಣ ಹ್ಯಾಂಡಲ್ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿ ಸೈಕಲ್ ಮಾತ್ರ ಒಂದಿಷ್ಟೂ ವಾಲದೆ ನೆಟ್ಟಗೆ ಹೋಗುತ್ತಿತ್ತು.

ಹೋದ ವರ್ಷ ಅವರಿಗೆ ಕೊಳ್ಳೇಗಾಲದ ಕಡೆಗೆ ವರ್ಗವಾಯಿತು. ಅಲ್ಲಿ ಸಿಕ್ಕಿದ ಮನೆ ಮಹಡಿಯ ಮೇಲೆ, ಮೂರು ಸೈಕಲ್ ಹತ್ತಿಸುವ ಮಾತೇ ಇಲ್ಲ. ಕೊನೆಯ ಭಾನುವಾರ ಪಾಳಿ ಮುರಿದು ನಾನೂ ಪ್ರಸನ್ನನೂ ಒಟ್ಟಿಗೆ ಹೋದೆವು. ಚೆಲುವಣ್ಣ ಟೀ ಲೋಟ ಹಿಡಿದು ಬಹಳ ಹೊತ್ತು ನಿಂತರು. ನಮ್ಮಿಬ್ಬರನ್ನೂ ನೋಡಿದರು, ಮೂರನ್ನೂ ನೋಡಿದರು. ಆಮೇಲೆ ಸ್ಟೂಲ್ ಎಳೆದರು.

ನೀಲಿಯದು ಇಳಿಯಿತು. ಒರೆಸಿ, ಅದರ ಹ್ಯಾಂಡಲ್ಲನ್ನು ನನ್ನ ಕೈಗಿಟ್ಟರು. "ತಗೊ, ಇನ್ಮೇಲೆ ನಿಂದೇ. ನೀನು ಗುರಾಯ್ಸಿ ಗುರಾಯ್ಸಿ ಅದರ ಬಣ್ಣಾನೇ ಓಗ್ಬುಡ್ತದೆ."

ನಾನು ಪ್ರಸನ್ನನ ಮುಖ ನೋಡಿದೆ. ಸುಳ್ಳೇಕೆ, ಅದು ಬಾಡಿರುತ್ತದೆ ಎಂದೇ ನೋಡಿದೆ. ಅಷ್ಟರಲ್ಲಿ ಚೆಲುವಣ್ಣ ಕರಿಯದನ್ನು ಅವನತ್ತ ತಳ್ಳಿದರು.

"ನಂಗ್ಯಾಕಣ್ಣ ಇದು?" ಎಂದ ಅವನು. ಅವನಿಗೆ ಅದೊಂದು ಭಾಷಣ.

"ನೀನೂ ಒಸಿ ಮಾತಾಡದ್ ಕಲಿ."

ಚೆಲುವಣ್ಣ ತಾವು ಮಂಗಳಕ್ಕನ ಸೈಕಲ್ ತೆಗೆದರು. ಬಾಗಿಲಲ್ಲಿ ನಿಂತು ಮಂಗಳಕ್ಕ, "ಹೆಂಗೂ ಬುಟ್ಟಿ ಅದೆ, ಬರ್ತಾ ಸೊಪ್ಪು ತನ್ನಿ" ಎಂದರು.

ಕೋಟೆ ರಸ್ತೆಗೆ ಬಿದ್ದೆವು. ನೀಲಿಯದು ಕುದುರೆ. ಒಂದು ತುಳಿತಕ್ಕೆ ನಾಲ್ಕು ಮಾರು. ನಾನು ಬೆನ್ನು ಬಗ್ಗಿಸಿ, ಚೆಲುವಣ್ಣನಿಗೆ ಕಾಣಲಿ ಎಂದೇ ಜೀವ ಬಿಟ್ಟು ತುಳಿದೆ. ಕಿವಿ ತುಂಬ ಗಾಳಿ. ಸುಮಾರು ದೂರ ಹೋದ ಮೇಲೆ, ನೋಡುತ್ತಿದ್ದಾರೋ ಇಲ್ಲವೋ ಎಂದು ಕತ್ತು ತಿರುಗಿಸಿದೆ.

ಅವರು ನೋಡುತ್ತಿರಲಿಲ್ಲ. ಬುಟ್ಟಿ ಸೈಕಲ್ಲೂ ಕರಿ ಸೈಕಲ್ಲೂ ಅಕ್ಕಪಕ್ಕ, ಎತ್ತಿನಗಾಡಿಯ ನಡಿಗೆಯಲ್ಲಿ ಬರುತ್ತಿದ್ದವು. ಪ್ರಸನ್ನನ ಬಾಯಿ ಅಲ್ಲಾಡುತ್ತಿತ್ತು, ಒಂದು ಕೈ ಗಾಳಿಯಲ್ಲಿ ಏನೋ ಬರೆಯುತ್ತಿತ್ತು. ಚೆಲುವಣ್ಣ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ನಾನು ಬ್ರೇಕ್ ಹಿಡಿದು, ಇಳಿದು, ಕಾದೆ. ಅವರು ಬಂದು ತಲುಪುವಷ್ಟರಲ್ಲಿ ನಗು ಮುಗಿದು ಚೆಲುವಣ್ಣ ಕಣ್ಣೊರೆಸಿಕೊಳ್ಳುತ್ತಿದ್ದರು.

"ಏನಣ್ಣ ಅದು?"

"ಏನಿಲ್ಲ ಬುಡ್ಲಾ. ನೀ ನಡಿ, ನಿನ್ ಗಾಡಿ ನಮ್ಗೆ ಕಾಯಾಕಿಲ್ಲ."

ಮರುದಿನ ಅವರು ಹೊರಟರು. ಈಗ ಅಂಗಡಿಗೆ ಬಂದವರು ಚೆಲುವಣ್ಣನ ಅಣಕ ಮಾಡು ಎಂದು ಪೀಡಿಸುತ್ತಾರೆ. ಮಾಡುತ್ತೇನೆ. ಕಂಪಲಾಪುರದ ನಗು, ಬಸ್ಸಿನ ನಗು, ಮಂಗಳಕ್ಕ ಬೈದಾಗಿನ ನಗು, ಎಲ್ಲವೂ ನನ್ನ ಗಂಟಲಲ್ಲಿವೆ. ಕೋಟೆ ರಸ್ತೆಯ ಆ ಕೊನೆಯ ನಗು ಮಾತ್ರ ಬರುವುದಿಲ್ಲ. ಅದನ್ನು ನಾನು ನೋಡಿದ್ದೇನೆ, ಅಷ್ಟೇ. ಕೇಳಿರುವವನು ಪ್ರಸನ್ನ.